ಬಯಕೆ ತಟ್ಟೆ

ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ವಿನೆಗರ್ ಮತ್ತು ಬೆಳ್ಳುಳ್ಳಿಯ ವಾಸನೆ ಸುತ್ತುತ್ತಿದೆ. ಅದರ ಬೆನ್ನಿಗೇ, ಎಷ್ಟು ಬಚ್ಚಿಟ್ಟರೂ ಬಚ್ಚಿಡಲಾಗದ ಮೀನಿನ ವಾಸನೆ. ಇದು ನಮ್ಮದೇ ಮನೆ. ಮೇಲೆ ಯಾರೂ ಇಲ್ಲ, ಕೆಳಗೆ ಯಾರೂ ಇಲ್ಲ, ಪಕ್ಕದ ಮನೆಗೂ ನಮಗೂ ನಡುವೆ ಅಗಲವಾದ ಹುಲ್ಲಿನ ಅಂಗಳವಿದೆ. ಆದರೂ ಬಾಣಲೆಯನ್ನು ಒಲೆಗೆ ಏರಿಸುವ ಮೊದಲು ಮುಂಬಾಗಿಲಿಗೆ ಚಿಲಕ ಹಾಕಿದೆಯೇ ಎಂದು ಹೋಗಿ ನೋಡಿ ಬಂದೆ. ಇಷ್ಟು ವಯಸ್ಸಾದ ಮೇಲೂ, ನನ್ನ ಮನೆಯಲ್ಲಿ ನಾನೇ ಕಳ್ಳ ಬೆಕ್ಕಿನ ಹಾಗೆ... ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮಾಡುತ್ತಿರುವುದು ಫಿಶ್ ಬಾಲ್. ಮನಿಲಾದ ಬೀದಿಗಳಲ್ಲಿ ತಳ್ಳುಗಾಡಿಯವರು ಕರಿದು, ಕಡ್ಡಿಗೆ ಚುಚ್ಚಿ ಕೊಡುವ ಮೀನಿನ ಉಂಡೆ. ನಾನು ಮನಿಲಾ ಕಂಡವಳಲ್ಲ. ಇದನ್ನು ಕಲಿತದ್ದು ಮೇರಿಲ್ಯಾಂಡಿನ ಜರ್ಮನ್‌ಟೌನ್‌ನಲ್ಲಿ, ತೊಂಬತ್ತರ ದಶಕದಲ್ಲಿ, ಬೇಲಿಯಾಚೆಯ ಒಬ್ಬ ಅಜ್ಜಿಯಿಂದ. ಆದರೆ ಈ ವಾಸನೆ ಮೂಗಿಗೆ ಬಡಿದಾಗ ಮೊದಲು ಕಣ್ಣ ಮುಂದೆ ಬರುವುದು ಆ ಅಜ್ಜಿಯಲ್ಲ. ಹುಟ್ಟಿದಾಗಿನಿಂದ ಮೀನನ್ನು ಮುಟ್ಟದ, ಹಬ್ಬದ ಅಡುಗೆಗೆ ಈರುಳ್ಳಿಯನ್ನೂ ಸೇರಿಸದ, ಮೈಸೂರಿನಿಂದ ಬಂದ ನಮ್ಮ ಮೇಲಿನ ಮನೆಯ ಆಂಟಿ.

ಆಗ ಇವರು ಹೆದ್ದಾರಿಯ ಪಕ್ಕದ ಒಂದು ಬಯೋಟೆಕ್ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದರು. ಇವರು ಎಂದರೆ ನನ್ನ ಗಂಡ. ಮದುವೆಯಾಗಿ ನಾನು ಬಂದಿಳಿದಾಗ ನಮಗಿದ್ದದ್ದು ಒಂದು ಹಳೆಯ ಕಾರು ಮತ್ತು ಎರಡು ಸೂಟ್‌ಕೇಸು. ಮನೆ ಹುಡುಕುತ್ತಿದ್ದಾಗ ಕನ್ನಡದವರೆಲ್ಲ ಸೇರಿದ್ದ ಒಂದು ಯುಗಾದಿ ಊಟದಲ್ಲಿ ಅಂಕಲ್ ಸಿಕ್ಕರು. ಅವರ ಟೌನ್‌ಹೌಸಿನ ಬೇಸ್‌ಮೆಂಟ್ ಖಾಲಿಯಿತ್ತು. ಪ್ರತ್ಯೇಕ ಬಾಗಿಲು, ಪುಟ್ಟ ಅಡುಗೆಮನೆ, ಎಲ್ಲಾ ಇತ್ತು. ಒಂದೇ ಒಂದು ಷರತ್ತು. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೂ ಮುಜುಗರ.

"ಯಾವೂರು ಅಂದ್ರಿ? ಉಡುಪಿ ಕಡೆನಾ? ಓಹೋ, ಹಾಗಾದ್ರೆ ಬಿಡಿ, ಅಡುಗೆ ವಿಷಯದಲ್ಲಿ ಏನೂ ಪ್ರಾಬ್ಲಮ್ ಇಲ್ಲ," ಎಂದುಬಿಟ್ಟರು ಅಂಕಲ್.

ಉಡುಪಿ ಎಂದರೆ ಅವರ ಪಾಲಿಗೆ ಮಸಾಲೆದೋಸೆ, ಬಾಳೆಯೆಲೆಯ ಊಟ, ಹೋಟೆಲಿನ ಗಲ್ಲಾದ ಮೇಲಿನ ಊದುಬತ್ತಿ. ಆ ಊರಿಗೆ ಒಂದು ಸಮುದ್ರವೂ ಇದೆ, ಅದರ ದಡದಲ್ಲಿ ಮಲ್ಪೆ ಎನ್ನುವ ಬಂದರಿದೆ, ಅಲ್ಲಿ ದೋಣಿ ಬಂದ ಹೊತ್ತಿಗೆ ಅಡುಗೆಗೆ ಮಸಾಲೆ ಅರೆಯುವ ಮನೆಗಳಿವೆ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ. ನಾನು ಅಂಥ ಮನೆಯ ಮಗಳು. ಇವರೂ ಅಂಥದ್ದೇ ಮನೆಯವರು. ತಿದ್ದಬೇಕಿತ್ತು. ಇವರು ನನ್ನ ಮುಖ ನೋಡಿದರು, ನಾನು ಹೋಳಿಗೆಯನ್ನು ನೋಡಿದೆ. ಕಾರಿನಲ್ಲಿ ಕೂತ ಮೇಲೆ ಇವರೆಂದರು, "ಈಗ ಹೇಳಿದ್ರೆ ಅವರಿಗೂ ಬೇಜಾರು, ನಮಗೂ ಬೇಜಾರು. ಮನೆಯೊಳಗೆ ಬೇಯಿಸದಿದ್ರೆ ಆಯ್ತಲ್ಲ ಮಾರಾಯ್ತಿ." ಆಯ್ತಲ್ಲ ಎಂದು ನಾನೂ ಅಂದುಕೊಂಡೆ. ಮೀನು ಬೇಕೆನಿಸಿದಾಗ ಹೊರಗೆ ಎಲ್ಲಾದರೂ ತಿಂದು, ಬಾಯಿಗೆ ಸೋಂಪು ಹಾಕಿಕೊಂಡು ಮನೆಗೆ ಬರುತ್ತಿದ್ದೆವು.

ಆಂಟಿ ನನ್ನನ್ನು ಒಮ್ಮೆಯೂ ಏನನ್ನೂ ಕೇಳಲಿಲ್ಲ. ದಪ್ಪ ಕನ್ನಡಕ, ನೈಟಿಯ ಮೇಲೊಂದು ಕಾರ್ಡಿಗನ್, ಕಾಲಿಗೆ ಅಂಕಲ್‌ರ ಸಾಕ್ಸು. ಮೆಟ್ಟಿಲ ತುದಿಯಲ್ಲಿ ನಿಂತು, "ಏನಮ್ಮಾ, ಎದ್ಯಾ? ಸಾರು ಮಾಡಿದ್ದೀನಿ, ಬಂದು ತಗೊಂಡ್ಹೋಗು," ಎಂದು ಕೂಗುತ್ತಿದ್ದರು. ಅವರ ಇಬ್ಬರು ಗಂಡುಮಕ್ಕಳು ಓದಲು ಬೇರೆ ಊರುಗಳಿಗೆ ಹೋಗಿದ್ದರು. ಆಂಟಿಗೆ ಡ್ರೈವಿಂಗ್ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ನನ್ನನ್ನು ಇಂಡಿಯನ್ ಅಂಗಡಿಗೆ, ಲೈಬ್ರರಿಗೆ, ಕೊನೆಗೆ ಡಾಕ್ಟರ ಹತ್ತಿರಕ್ಕೂ ಕರೆದುಕೊಂಡು ಹೋದವರು ಅವರೇ. ಬಸುರಿಯೆಂದು ತಿಳಿದ ದಿನ ಪಾರ್ಕಿಂಗ್ ಲಾಟಿನಲ್ಲೇ ನನ್ನ ಕೆನ್ನೆ ಹಿಡಿದು ಅತ್ತುಬಿಟ್ಟರು. ಊರಲ್ಲಿ ಅಪ್ಪನಿಗೆ ಲಕ್ವ ಹೊಡೆದು ಮಲಗಿದ್ದರು, ಅಮ್ಮ ಅವರನ್ನು ಬಿಟ್ಟು ಬರುವಂತಿರಲಿಲ್ಲ. ಅದು ಆಂಟಿಗೆ ಗೊತ್ತಿತ್ತು.

"ಅಮ್ಮ ಬರ್ದಿದ್ರೆ ಏನಾಯ್ತು? ಬಾಣಂತನ ನಾನು ಮಾಡ್ತೀನಿ. ಎಣ್ಣೆ, ನೀರು, ಮೆಣಸಿನ ಸಾರು, ಎಲ್ಲಾ ನನಗೆ ಬಿಡು," ಎಂದರು.

ಆ ಒಂದು ಮಾತಿನ ಮೇಲೆ ನಾನು ಆ ದೇಶದಲ್ಲಿ ನಿಂತಿದ್ದೆ. ಹೆರಿಗೆಯ ಹೆಸರೆತ್ತಿದರೆ ಕೈಕಾಲು ತಣ್ಣಗಾಗುತ್ತಿದ್ದ ನನಗೆ ಆಂಟಿ ಇದ್ದಾರೆ ಎನ್ನುವುದೇ ಧೈರ್ಯ. ಹಾಗಾಗಿಯೇ ಹೆದರಿಕೆಯೂ ಆವತ್ತಿನಿಂದಲೇ ಶುರುವಾಯಿತು. ನಾವು ಯಾರು, ಏನು ತಿನ್ನುವವರು ಎಂದು ಆಂಟಿಗೆ ಗೊತ್ತಾದರೆ? ವರ್ಷವಿಡೀ ನಾಟಕ ಆಡಿದವಳಿಗೆ ಯಾರು ನೀರು ಹಾಕುತ್ತಾರೆ?

ಆ ಹೊತ್ತಿಗೇ ಸರಿಯಾಗಿ ನನಗೆ ಮೀನಿನ ಬಯಕೆ ಹಿಡಿಯಿತು. ಸುಮ್ಮನೆ ಆಸೆಯಲ್ಲ, ಹುಚ್ಚು. ಆಂಟಿಯ ಸಾರಿನ ಇಂಗು ಮೂಗಿಗೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಕಣ್ಣು ಮುಚ್ಚಿದರೆ ಅಮ್ಮನ ಕಾವಲಿಯ ಮೇಲಿನ ಬಂಗುಡೆ ಕಾಣುತ್ತಿತ್ತು. ಹೊರಗೆ ಹೋಗಿ ತಿನ್ನೋಣವೆಂದರೆ ಕಾರು ಹತ್ತಿದರೆ ವಾಂತಿ. ಒಂದು ಮಧ್ಯಾಹ್ನ ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದಾಗ ಬೇಲಿಯಾಚೆಯಿಂದ ಒಣಮೀನು ಹುರಿಯುವ ಘಮ ಬಂತು. ಮೇಲೆ ಅಂಕಲ್, "ಶುರುವಾಯ್ತು ಇವರದ್ದು!" ಎಂದು ದಡಬಡ ಕಿಟಕಿ ಮುಚ್ಚುತ್ತಿದ್ದರು. ನಾನು ಮಾತ್ರ ಬೇಲಿಯ ಸಂದಿಗೆ ಮೂಗಿಟ್ಟು ನಿಂತಿದ್ದೆ.

ಬೇಲಿಯಾಚೆ ಒಬ್ಬ ಗಿಡ್ಡ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಮಗಳು ಆಸ್ಪತ್ರೆಯಲ್ಲಿ ನರ್ಸು, ತಾಯಿ ಮನಿಲಾದಿಂದ ಬಂದು ಮನೆ ನೋಡಿಕೊಳ್ಳುತ್ತಿದ್ದರು. ಅಲ್ಲಿಯವರೆಲ್ಲ ಅವರನ್ನು ಲೋಲಾ ಎನ್ನುತ್ತಿದ್ದರು, ಹಾಗೆಂದರೆ ಅವರ ಭಾಷೆಯಲ್ಲಿ ಅಜ್ಜಿ ಎಂದೇ ಅರ್ಥ. ಅವರು ನನ್ನ ಹೊಟ್ಟೆಯನ್ನು ನೋಡಿದರು, ಮುಖವನ್ನು ನೋಡಿದರು, ಕಿಸಕ್ಕನೆ ನಕ್ಕರು. ನಿನಗಾಗಿರುವುದಕ್ಕೆ ನಮ್ಮಲ್ಲೂ ಒಂದು ಹೆಸರಿದೆ, ಬಸುರಿ ಕೇಳಿದ್ದನ್ನು ಕೊಡದಿದ್ದರೆ ಕೊಡದವರಿಗೇ ಕೆಡುಕು ಎಂದು ತಮ್ಮ ತುಂಡು ಇಂಗ್ಲಿಷಿನಲ್ಲಿ ಹೇಳಿ, ಬೇಲಿಯ ಬಾಗಿಲು ತೆಗೆದರು. ನಾನು ಒಮ್ಮೆ ಹಿಂದಿರುಗಿ ಮೇಲಿನ ಕಿಟಕಿ ನೋಡಿದೆ. ಮುಚ್ಚಿತ್ತು. ಒಳಗೆ ಹೋದೆ.

ಅಂದಿನಿಂದ ಇವರು ಕೆಲಸಕ್ಕೆ ಹೋದ ಮೇಲೆ ಆಗಾಗ ನನ್ನ ಮಧ್ಯಾಹ್ನಗಳು ಲೋಲಾರ ಅಡುಗೆಮನೆಯಲ್ಲಿ ಕಳೆಯುತ್ತಿದ್ದವು. ಫಿಶ್ ಬಾಲ್ ಮಾಡುವುದು ಅವರಿಗೆ ಅಡುಗೆಗಿಂತ ಹೆಚ್ಚಾಗಿ ಒಂದು ಹರಟೆ. ಬಿಳಿ ಮೀನಿನ ತುಂಡುಗಳನ್ನು ಚಮಚದಿಂದ ಹೆರೆದು, ಉಪ್ಪು, ಬೆಳ್ಳುಳ್ಳಿ, ಸ್ವಲ್ಪ ಮೈದಾ, ಸ್ವಲ್ಪ ಜೋಳದ ಪಿಷ್ಟ ಹಾಕಿ ರುಬ್ಬುವುದು. ಆಮೇಲೆ ಆ ಹಿಟ್ಟನ್ನು ಮುಷ್ಟಿಯಲ್ಲಿ ತೆಗೆದು ಪಾತ್ರೆಯ ಗೋಡೆಗೆ ಪಟಾರನೆ ಬಡಿಯುವುದು. ಹಾಗೆ ಬಡಿದರೆ ಮಾತ್ರ ಅದು ರಬ್ಬರಿನಂತೆ ಪುಟಿಯುತ್ತದೆಯಂತೆ. ಬಡಿಯುವ ಕೆಲಸ ನನಗೆ ಕೊಟ್ಟು, "ಬಾಸ್ ಮೇಲೆ ಸಿಟ್ಟಿದ್ದರೆ ಅವನನ್ನು ನೆನೆಸಿಕೋ," ಎನ್ನುತ್ತಿದ್ದರು ಲೋಲಾ. ನನಗೆ ಬಾಸ್ ಇರಲಿಲ್ಲ, ಅಂಕಲ್‌ರ ಕಿಟಕಿ ನೆನಪಾಗುತ್ತಿತ್ತು. ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಂಡಿ ಎಣ್ಣೆಗೆ ಬಿಡುವಾಗ ನನ್ನ ಕೈ ತಾನಾಗಿ ಪಳಗಿದಂತೆ ಆಡಿತು. ನಮ್ಮ ಕಡೆ ಗೋಳಿಬಜೆ, ಅಂದರೆ ಮಂಗಳೂರು ಬಜ್ಜಿ, ಬಿಡುವುದು ಹಾಗೆಯೇ. ಕರಿದು ತೆಗೆದಾಗ ನೋಡಲೂ ಥೇಟು ಗೋಳಿಬಜೆಯೇ, ಅದೇ ಹೊಂಬಣ್ಣ, ಅದೇ ಅಂಕುಡೊಂಕು.

ಅದಕ್ಕೆ ಎರಡು ಸಾಸು. ಒಂದು ಸಕ್ಕರೆ, ಸೋಯಾ, ಮೈದಾ ಹಾಕಿ ಕುದಿಸಿದ ಕಂದು ಬಣ್ಣದ ಸಿಹಿ, ಇನ್ನೊಂದು ವಿನೆಗರಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ ಜಜ್ಜಿ ಹಾಕಿದ್ದು. ಮನಿಲಾದ ಬೀದಿಯಲ್ಲಿ ಎಲ್ಲರೂ ಒಂದೇ ಡಬ್ಬಕ್ಕೆ ಕಡ್ಡಿ ಅದ್ದುತ್ತಾರಂತೆ. ನಾನು ಎಂಜಲು ಎಂದರೇನೆಂದು ವಿವರಿಸಲು ಹೋದೆ. ಲೋಲಾ ಕೇಳಿಸಿಕೊಂಡು, ನೀನು ಕಚ್ಚುವ ಮೊದಲು ಅದ್ದು, ಕಚ್ಚಿದ ಮೇಲೆ ಸುಮ್ಮನಿರು, ಅಷ್ಟಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಕೇಳಿದರು. ಮನೆಯಲ್ಲಿ ಮಾಡಿದ್ದಕ್ಕೆ ಬೀದಿಯ ರುಚಿ ಬರುವುದಿಲ್ಲ, ಧೂಳು ಕಡಿಮೆ ಎಂದು ಅವರದ್ದೊಂದು ಕೊರಗು. ನಾನು ತಿನ್ನುತ್ತಿದ್ದೆ. ಕಣ್ಣಲ್ಲಿ ನೀರು ಬರುವಷ್ಟು ತಿನ್ನುತ್ತಿದ್ದೆ. ಆಮೇಲೆ ಕೈಗೆ ನಿಂಬೆಹಣ್ಣು ತಿಕ್ಕಿಕೊಂಡು, ತಲೆಗೆ ಸ್ನಾನ ಮಾಡಿ, ಆಂಟಿ ಕೂಗುವ ಹೊತ್ತಿಗೆ ಏನೂ ಅರಿಯದವಳಂತೆ ಮೆಟ್ಟಿಲು ಹತ್ತುತ್ತಿದ್ದೆ.

ಮನೆಯೊಳಗೆ ಬೇಯಿಸುವುದಿಲ್ಲ ಎಂಬ ನಮ್ಮ ಮಾತನ್ನು ನಾನು ಮುರಿದದ್ದು ಒಮ್ಮೆ ಮಾತ್ರ. ಲೋಲಾ ಮತ್ತು ಅವರ ಮಗಳು ವಾರದ ಮಟ್ಟಿಗೆ ನಾರ್ತ್ ಕೆರೊಲಿನಾದ ನೆಂಟರ ಮನೆಗೆ ಹೋಗಿದ್ದರು. ಹೋಗುವ ಮೊದಲು ಒಂದು ಡಬ್ಬಿ ಹಿಟ್ಟನ್ನು ನನ್ನ ಫ್ರೀಜರಿಗೆ ಸೇರಿಸಿದ್ದರು. ಶನಿವಾರ ಆಂಟಿ ಅಂಕಲ್ ದೇವಸ್ಥಾನಕ್ಕೆ ಹೊರಟರು, ಇವರು ಲ್ಯಾಬಿನಲ್ಲಿದ್ದರು. ನಾನು ಮೆಟ್ಟಿಲ ಬಾಗಿಲಿನ ಕೆಳಗೆ ಒದ್ದೆ ಟವೆಲ್ ತುರುಕಿದೆ, ಕಿಟಕಿಗೆ ಫ್ಯಾನ್ ಇಟ್ಟೆ, ಅಷ್ಟೂ ಹಿಟ್ಟನ್ನು ಕರಿದು ನಿಂತುಕೊಂಡೇ ತಿಂದೆ. ಪಾತ್ರೆ ತೊಳೆದಿಟ್ಟು, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಮಲಗಿದ್ದೆ.

ಮೇಲೆ ಬಾಗಿಲು ತೆರೆದ ಸದ್ದಾಯಿತು. "ಏನೇ ಇದು ವಾಸನೆ? ದೇವರ ಮನೇಲೂ ಬರ್ತಾ ಇದ್ಯಲ್ಲೇ!" ಎಂದು ಅಂಕಲ್ ಕಿರುಚಿದರು. ಆಂಟಿ ಕಿಟಕಿಯವರೆಗೆ ನಡೆದ ಹೆಜ್ಜೆಯ ಸದ್ದು ಕೇಳಿತು. ಆಮೇಲೆ, "ಪಕ್ಕದ ಮನೆಯೋರದ್ದು ಇರ್ಬೇಕು. ನಾನೇ ಕಿಟಕಿ ಹಾಕೋದು ಮರೆತಿದ್ದೆ," ಎಂದರು. ಕೊಂಚ ಹೊತ್ತಿಗೆ ಸಾಂಬ್ರಾಣಿಯ ಘಮ ಕೆಳಗೂ ಇಳಿದು ಬಂತು. ಬದುಕಿದೆ ಎಂದುಕೊಂಡೆ. ಆ ವಾರ ಪಕ್ಕದ ಮನೆಗೆ ಬೀಗ ಬಿದ್ದಿತ್ತು, ಅವರ ಅಂಚೆಯನ್ನು ದಿನಾ ಎತ್ತಿಡುತ್ತಿದ್ದವರು ಆಂಟಿಯೇ. ಇದು ನನಗೆ ಹೊಳೆಯಲಿಲ್ಲವೋ, ಹೊಳೆಯದಿರಲಿ ಎಂದು ಯೋಚಿಸಲಿಲ್ಲವೋ... ಈಗ ಹೇಳುವುದು ಕಷ್ಟ.

ಏಳು ತಿಂಗಳಿಗೆ ಆಂಟಿ ಬಳೆ ತೊಡಿಸುವ ಶಾಸ್ತ್ರ ಇಟ್ಟುಕೊಂಡರು. ತಾಯಿ ಮನೆಯಲ್ಲಿ ಆಗಬೇಕಾದದ್ದು, ನಾನಿಲ್ವಾ ಎಂದು ಅವರೇ ನಿಂತು ಮಾಡಿದರು. ಹಸಿರು ಬಳೆ ಊರಿನಿಂದ ತರಿಸಿದ್ದರು. ಬಯಕೆಯ ಊಟವೆಂದು ಐದು ಬಗೆಯ ಅನ್ನ, ಕೋಡುಬಳೆ, ಸಜ್ಜಪ್ಪ. "ನಿನಗೆ ಯಾರನ್ನ ಕರೀಬೇಕು ಅನ್ಸುತ್ತೋ ಕರಿ," ಎಂದಾಗ ನಾನು ಲೋಲಾರ ಹೆಸರು ಹೇಳಿದೆ. ಆಂಟಿ ಒಂದು ಕ್ಷಣ ನನ್ನನ್ನು ನೋಡಿ, "ಕರಿ, ಒಳ್ಳೇ ಹೆಂಗಸು," ಎಂದರು. ಲೋಲಾ ಅದೇನು ಹಬ್ಬ ಎಂದು ಕೇಳಿದ್ದಕ್ಕೆ, ಅವತ್ತು ಬಸುರಿಗೆ ಏನು ಆಸೆಯೋ ಅದನ್ನೆಲ್ಲ ತಂದು ತಿನ್ನಿಸುತ್ತಾರೆ ಎಂದು ನಾನೇ ಬಾಯಾರೆ ಹೇಳಿದ್ದೆ. ಹೇಳುವಾಗ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಯೋಚಿಸುವ ಬುದ್ಧಿ ನನಗಿರಲಿಲ್ಲ.

ಆ ದಿನ ಮೇಲಿನ ಹಾಲಿನ ತುಂಬ ರೇಷ್ಮೆ ಸೀರೆಗಳು. ಗೇಥರ್ಸ್‌ಬರ್ಗ್‌ನಿಂದ, ಸೆಂಟರ್‌ವಿಲ್‌ನಿಂದ, ಎಲ್ಲೆಲ್ಲಿಂದಲೋ ಬಂದ ಆಂಟಿಯ ಗೆಳತಿಯರು. ನಾನು ಮಣೆಯ ಮೇಲೆ, ಎರಡೂ ಕೈ ತುಂಬ ಬಳೆ. ಆರತಿ ಮುಗಿಯುವ ಹೊತ್ತಿಗೆ ಲೋಲಾ ಬಂದರು, ಹೂವಿನ ಗೌನು ಹಾಕಿ, ತುಟಿಗೆ ಬಣ್ಣ ಹಚ್ಚಿ. ಕೈಯಲ್ಲಿ ಫಾಯಿಲ್ ಮುಚ್ಚಿದ ತಟ್ಟೆ. ಫಾಯಿಲಿನ ಅಂಚಿನಿಂದ ಬಿಸಿ ಹಬೆ ಏಳುತ್ತಿತ್ತು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಅದರಲ್ಲಿ ಏನಿದೆಯೆಂದು ನನಗೆ ಆಗಲೇ ತಿಳಿಯಿತು.

ಬಾಗಿಲ ಬಳಿಯಿದ್ದ ಹೆಂಗಸೊಬ್ಬರು ಫಾಯಿಲನ್ನು ಎತ್ತಿಯೇಬಿಟ್ಟರು. "ಓ, ಮಂಗಳೂರು ಬಜ್ಜಿ! ನಿಮ್ಮ ಕಡೇದೇ ಕಲಿಸಿಬಿಟ್ಟಿದ್ದೀಯಲ್ಲೇ ಇವರಿಗೆ! ಒಂದು ಕೊಡಿ ಇಲ್ಲಿ, ಬಿಸಿಯಾಗಿದೆ."

ಲೋಲಾಗೆ ಕನ್ನಡ ಬರದು, ಎಲ್ಲರೂ ಕೈ ನೀಡಿದ್ದನ್ನು ಕಂಡು ಖುಷಿಯಿಂದ ತಟ್ಟೆಯನ್ನು ಅವರತ್ತ ಚಾಚಿದರು. ನಾನು ಕೂಗಬೇಕಿತ್ತು. ಬೇಡ, ಅದರಲ್ಲಿ ಮೀನಿದೆ ಎಂದರೆ ಮುಗಿಯಿತು. ಆದರೆ ಹಾಗೆಂದರೆ ಮುಂದಿನ ಪ್ರಶ್ನೆ, ನಿನಗೆ ಹೇಗೆ ಗೊತ್ತು? ಕೈಯ ಬಳೆಗಳನ್ನು ಸರಿಮಾಡಿಕೊಳ್ಳುತ್ತ ಕೂತೆ. ಆ ಹೆಂಗಸಿನ ಬೆರಳು ಇನ್ನೇನು ಉಂಡೆಯನ್ನು ಹಿಡಿಯಬೇಕು, ಅಷ್ಟರಲ್ಲಿ ಆಂಟಿ ಆರತಿ ತಟ್ಟೆಯನ್ನು ಯಾರ ಕೈಗೋ ತುರುಕಿ ಬಂದು ಲೋಲಾರಿಂದ ಆ ತಟ್ಟೆಯನ್ನು ತೆಗೆದುಕೊಂಡರು. ಬಗ್ಗಿ ಒಮ್ಮೆ ಉಸಿರು ಎಳೆದುಕೊಂಡರು. ಫಾಯಿಲ್ ಮತ್ತೆ ಮುಚ್ಚಿದರು.

"ಇದು ಬಸುರಿಗೆ ಮಾತ್ರ," ಎಂದರು. "ಬಯಕೆ ತಟ್ಟೆ ಇದು. ಬೇರೆ ಯಾರೂ ಮುಟ್ಟೋ ಹಾಗಿಲ್ಲ."

"ಅದ್ಯಾವ ಶಾಸ್ತ್ರ ರೀ? ನಾವೂ ಮೈಸೂರಿನೋರೇ, ಕೇಳೇ ಇಲ್ವಲ್ಲ!"

"ನಿಮ್ಮ ಅತ್ತೇನ ಕೇಳಿ, ಗೊತ್ತಿರುತ್ತೆ. ಅಕ್ಕಪಕ್ಕದೋರು ಒಬ್ರು ಬಸುರಿಗೆ ಅಂತ ಮುಚ್ಚಿದ ತಟ್ಟೆ ತಂದ್ರೆ ಅದು ಅವಳಿಗೇ ಸೇರ್ಬೇಕು. ಬೇರೆಯೋರು ತಿಂದ್ರೆ ಮಗೂಗೆ ದೃಷ್ಟಿ."

ದೃಷ್ಟಿ ಎಂದ ಕೂಡಲೇ ಎಲ್ಲರ ಕೈ ಹಿಂದೆ ಸರಿಯಿತು. ಆಂಟಿ ಆ ತಟ್ಟೆಯನ್ನು ತಂದು ನನ್ನ ಮಡಿಲಿನಲ್ಲಿಟ್ಟರು. ಇಟ್ಟವರು ನನ್ನ ಸೆರಗು ಸರಿಮಾಡುವ ನೆಪದಲ್ಲಿ ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು, "ತಿನ್ನು. ಆರಿಹೋದ್ರೆ ಚೆನ್ನಾಗಿರಲ್ಲ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರಿಗೆ ಗೊತ್ತಿತ್ತು. ಇವತ್ತು ಗೊತ್ತಾದದ್ದಲ್ಲ, ಯಾವತ್ತಿನಿಂದಲೋ ಗೊತ್ತಿತ್ತು. ನನ್ನ ನಿಂಬೆಹಣ್ಣು, ನನ್ನ ತಲೆಸ್ನಾನ, ನನ್ನ ಒದ್ದೆ ಟವೆಲ್, ಎಲ್ಲವನ್ನೂ ನೋಡಿ ಹೊಟ್ಟೆಗೆ ಹಾಕಿಕೊಂಡು ಕೂತಿದ್ದರು. ಬೈದಿದ್ದರೆ ಅತ್ತು ಕಾಲು ಹಿಡಿಯುತ್ತಿದ್ದೆ, ಅದು ನನಗೆ ಬರುತ್ತಿತ್ತು. ಮುಚ್ಚಿಟ್ಟು ಕಾಪಾಡಿದವರ ಎದುರು ಹೇಗೆ ಕೂರಬೇಕೆಂದು ಬರಲಿಲ್ಲ. ಮೂಲೆಯಿಂದ ಲೋಲಾ ಕೈಯನ್ನು ಬಾಯಿಗೆ ತಂದು, ತಿನ್ನು ತಿನ್ನು ಎಂದು ಸನ್ನೆ ಮಾಡುತ್ತಿದ್ದರು. ಇಬ್ಬರು ಹೆಂಗಸರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದವರು, ಇಬ್ಬರಿಗೂ ಬೇಕಾದದ್ದು ಒಂದೇ.

"ಆಮೇಲೆ ತಿಂತೇನೆ ಆಂಟಿ," ಎಂದೆ. ಅವರ ಮುಖ ನೋಡಲಿಲ್ಲ.

ಆಮೇಲೆ ತಿನ್ನಲಿಲ್ಲ. ಹಾಡು ಮುಗಿಯಿತು, ಊಟ ಮುಗಿಯಿತು, ತಟ್ಟೆ ಮಡಿಲಿನಲ್ಲಿ ತಣ್ಣಗಾಯಿತು. ಎಲ್ಲರೂ ಹೋದ ಮೇಲೆ ಬೇಲಿಯ ಬಳಿಗೆ ಹೋಗಿ, ಹೊಟ್ಟೆ ತುಂಬಿತ್ತು ಎಂದು ಹೇಳಿ ಲೋಲಾಗೆ ಮರಳಿಸಿದೆ. ಅವರು ಫಾಯಿಲ್ ಎತ್ತಿ ನೋಡಿದರು. ಒಂದೂ ಕಡಿಮೆಯಾಗಿರಲಿಲ್ಲ. "ಓಕೆ, ಓಕೆ," ಎಂದು ನನ್ನ ತೋಳು ತಟ್ಟಿ ಒಳಗೆ ಹೋದರು. ಆ ಮೇಲೆ ನಾನು ಬೇಲಿ ದಾಟಲಿಲ್ಲ.

ಮೇಲಿನಿಂದ ಆಂಟಿ ಮೊದಲಿನ ಹಾಗೆಯೇ ಕೂಗುತ್ತಿದ್ದರು. ಅದೇ ದನಿ, ಅದೇ ಸಾರು. ನಾನು ಮಾತ್ರ ನಿದ್ದೆ ಬಂದಿದೆ, ಬೆನ್ನು ನೋವು ಎಂದು ಮೆಟ್ಟಿಲು ಹತ್ತುವುದನ್ನು ತಪ್ಪಿಸತೊಡಗಿದೆ. ಆ ವೇಳೆಗೆ ಇವರಿಗೆ ಅಟ್ಲಾಂಟಾದ ಒಂದು ಲ್ಯಾಬಿನಿಂದ ಆಫರ್ ಬಂದಿತ್ತು. ಹೆರಿಗೆ ಆಗಲಿ, ಬಾಣಂತನ ಮುಗಿಯಲಿ, ಆಮೇಲೆ ನೋಡೋಣ ಎಂದು ಇವರು ಸುಮ್ಮನಿದ್ದರು. ಈಗಲೇ ಹೋಗುವ ಎಂದು ಹಟ ಹಿಡಿದವಳು ನಾನು. "ಎಂತ ಮಾರಾಯ್ತಿ ನಿಂಗೆ? ಅಲ್ಲಿ ಯಾರಿದ್ದಾರೆ ನಮಗೆ?" ಎಂದು ಇವರು ಕೇಳಿದರೆ, ಯಾರೂ ಇಲ್ಲ, ಅದಕ್ಕೇ ಎಂದು ಹೇಳಲಾಗಲಿಲ್ಲ.

ಹೊರಟ ದಿನ ಆಂಟಿ ಕಾರಿನ ಕಿಟಕಿಯಿಂದ ಒಂದು ಚೀಲ ಕೊಟ್ಟರು. ಶುಂಠಿ, ಹಿಪ್ಪಲಿ, ಓಮ, ತಾವೇ ಕುಟ್ಟಿದ ಬಾಣಂತಿ ಖಾರ, ಒಂದು ಬಾಟಲಿ ಹರಳೆಣ್ಣೆ. ನನ್ನ ತಲೆ ಸವರಿದರು. ಇವರು ಹಿಂದೆ ಡಿಕ್ಕಿ ಮುಚ್ಚುತ್ತಿದ್ದಾಗ ಮೆಲ್ಲಗೆ ಕೇಳಿದರು, "ನನ್ನಿಂದ ಏನಾದ್ರೂ ತಪ್ಪಾಯ್ತೇನಮ್ಮ? ಅವತ್ತು ಅಷ್ಟು ಜನದ ಮುಂದೆ ಹಾಗೆ ಹೇಳ್ಬಾರ್ದಿತ್ತೇನೋ..."

"ಇಲ್ಲ ಆಂಟಿ, ಇವರ ಕೆಲಸ," ಎಂದೆ. ಅಷ್ಟೇ ಹೇಳಿದೆ. ಅವರು ತಲೆಯಾಡಿಸಿದರು.

ಹೆರಿಗೆ ಅಟ್ಲಾಂಟಾದಲ್ಲಿ ಆಯಿತು. ಬಾಣಂತನ ಎನ್ನುವುದು ಆಗಲಿಲ್ಲ. ಇವರು ಟೀವಿ ನೋಡುತ್ತ ಮಗುವನ್ನು ತಟ್ಟುತ್ತಿದ್ದರು, ನಾನು ಆಂಟಿಯ ಖಾರವನ್ನು ಬರಿ ಅನ್ನಕ್ಕೆ ಕಲಸಿಕೊಂಡು ಅಳುತ್ತ ತಿನ್ನುತ್ತಿದ್ದೆ. ಅಲ್ಲಿ ನಮಗೊಂದು ಪ್ರತ್ಯೇಕ ಬಾಡಿಗೆ ಮನೆ, ಅದಕ್ಕೂ ಬೇಸ್‌ಮೆಂಟ್. ಚಳಿಗಾಲದಲ್ಲಿ ಹೀಟರ್ ರಿಪೇರಿಗೆ ಬಂದವನು ಗೋಡೆಯ ಜಾಲರಿ ತೋರಿಸಿ, ಕೆಳಗಿನ ಗಾಳಿಯನ್ನೇ ಎಳೆದು ಮೇಲಿನ ಎಲ್ಲ ಕೋಣೆಗೂ ಹಂಚುತ್ತದೆ, ಕೆಳಗೆ ಹೊಗೆಯಾದರೆ ಮೇಲೆ ಮೊದಲು ಗೊತ್ತಾಗುತ್ತದೆ ಎಂದು ವಿವರಿಸಿದ. ನಾನು ಮಗುವನ್ನು ಎತ್ತಿಕೊಂಡು ಅಲ್ಲೇ ಕೂತುಬಿಟ್ಟೆ. ಬಾಗಿಲ ಕೆಳಗಿನ ಒದ್ದೆ ಟವೆಲ್ಲು, ಕಿಟಕಿಯ ಫ್ಯಾನು... ನಾನು ಹುಷಾರಿಯೆಂದು ಬೀಗುತ್ತಿದ್ದ ಹೊತ್ತಿನಲ್ಲಿ ನನ್ನ ಮೀನು ನೇರವಾಗಿ ಅವರ ದೇವರ ಮನೆಗೆ ಹೋಗಿ ಕೂತಿತ್ತು. ಆಂಟಿ ಮಾಡಿದ್ದು ಸಾಂಬ್ರಾಣಿ ಹಚ್ಚಿದ್ದೊಂದೇ.

ಆಗಲಾದರೂ ಫೋನ್ ಮಾಡಬಹುದಿತ್ತು. ದೀಪಾವಳಿಗೆ ಅವರೇ ಮಾಡುತ್ತಿದ್ದರು. ಮಗು ಹೇಗಿದೆ, ಹಲ್ಲು ಬಂತಾ ಎಂದು ಕೇಳುತ್ತಿದ್ದರು. ನಾನು ಚುಟುಕಾಗಿ ಉತ್ತರ ಕೊಟ್ಟು ಫೋನನ್ನು ಇವರ ಕೈಗೆ ದಾಟಿಸುತ್ತಿದ್ದೆ. ಕ್ರಮೇಣ ಅವರೂ ಬಿಟ್ಟರು. ಬಹಳ ವರ್ಷಗಳ ನಂತರ ನಾವು ಮರಳಿ ಈ ಕಡೆಗೇ ಬಂದಾಗ, ಜರ್ಮನ್‌ಟೌನ್‌ನ ಆ ಟೌನ್‌ಹೌಸಿಗೆ ಹೋಗಿ ಗಂಟೆ ಒತ್ತಿದೆ. ಯಾರೋ ಬೇರೆಯವರು ಬಾಗಿಲು ತೆರೆದರು. ಬೇಲಿಯೂ ಹೊಸದಾಗಿತ್ತು, ಆಚೆ ಮನೆಯಲ್ಲೂ ಗುರುತಿನವರಿರಲಿಲ್ಲ. ಆಂಟಿ ಕ್ಯಾಲಿಫೋರ್ನಿಯಾದಲ್ಲಿ ಮಗನ ಮನೆಯಲ್ಲಿ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಒಂದು ಮದುವೆಯ ಊಟದ ಸಾಲಿನಲ್ಲಿ, ಅದೂ ಆಗಿ ಎಷ್ಟೋ ಸಮಯವಾದ ಮೇಲೆ. ಲೋಲಾ ಏನಾದರೋ ಗೊತ್ತೇ ಆಗಲಿಲ್ಲ.

ಹೋದ ಭಾನುವಾರ ಸೆಂಟರ್‌ವಿಲ್‌ನಲ್ಲಿ ಪರಿಚಯದವರ ಸೊಸೆಗೆ ಬಳೆ ತೊಡಿಸುವ ಶಾಸ್ತ್ರವಿತ್ತು. ಈಗ ನಾನೂ ಆಂಟಿಯೇ. ಮುಂದಿನ ಸಾಲಿನಲ್ಲಿ ಕುರ್ಚಿ ಕೊಡುತ್ತಾರೆ. ಆರತಿ ಆಯಿತು. ಆಮೇಲೆ ಆ ಮನೆಯ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಒಂದು ಮುಚ್ಚಿದ ತಟ್ಟೆಯನ್ನು ತಂದು ಬಸುರಿಯ ಮಡಿಲಿನಲ್ಲಿಟ್ಟಳು.

"ಎವ್ರಿಬಡಿ, ಇದು ಬಯಕೆ ತಟ್ಟೆ. ಓನ್ಲಿ ಅತ್ತಿಗೆ ತಿನ್ಬೇಕು. ಬೇರೆ ಯಾರೂ ಟಚ್ ಮಾಡ್ಬಾರ್ದು, ಓಕೆ?" ಎಂದಳು.

ಇದು ಯಾವ ಕಡೆಯ ಪದ್ಧತಿ ಎಂದು ಪಕ್ಕದವರನ್ನು ಕೇಳಿದೆ. "ಅಯ್ಯೋ, ಇಲ್ಲೆಲ್ಲ ಎಲ್ರೂ ಮಾಡ್ತಾರಲ್ಲ ಆಂಟಿ. ತುಂಬಾ ಹಳೇದು, ಮೈಸೂರ್ ಕಡೇದಂತೆ. ಅಕ್ಕಪಕ್ಕದೋರ ಮನೆಯಿಂದಾನೇ ಬರ್ಬೇಕು, ಬಸುರಿ ಬಿಸಿಬಿಸಿ ಇದ್ದಾಗ್ಲೇ ತಿನ್ಬೇಕು," ಎಂದರು. ಆ ಶಾಸ್ತ್ರ ಹುಟ್ಟಿದ್ದು ಮೈಸೂರಿನಲ್ಲಲ್ಲ, ಇಲ್ಲಿಂದ ಒಂದು ಗಂಟೆಯ ದಾರಿಯ ಒಂದು ಹಾಲಿನಲ್ಲಿ, ಒಬ್ಬ ಹೆಂಗಸು ಒಂದು ಉಸಿರು ಎಳೆದುಕೊಂಡು ಬಿಡುವಷ್ಟರಲ್ಲಿ. ಬಸುರಿ ಹುಡುಗಿ ಫಾಯಿಲ್ ತೆಗೆದು, ಪಿಜ್ಜಾದ ತುಂಡೊಂದನ್ನು ನಗುತ್ತ ಕಚ್ಚಿದಳು.

ನಾನು ದಿಟ್ಟಿಸುತ್ತಿದ್ದದ್ದು ಅವಳ ಕಣ್ಣಿಗೆ ಬಿದ್ದಿರಬೇಕು. "ಆಂಟಿ, ನಿಮಗೂ ಮಾಡಿದ್ರಾ ಇದನ್ನ?" ಎಂದು ಕೇಳಿದಳು.

"ಮಾಡಿದ್ದರು ಮಗಾ."

"ಓ, ಸ್ವೀಟ್! ನಿಮ್ಮ ತಟ್ಟೇಲಿ ಏನಿತ್ತು?"

ಎಲ್ಲರೂ ನನ್ನ ಕಡೆ ತಿರುಗಿದರು. ಮುಖಗಳಲ್ಲಿ ಬರೀ ಅಕ್ಕರೆ. ಈಗ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ, ಅವರಲ್ಲಿ ಅರ್ಧ ಜನ ಹೊರಗೆ ಎಲ್ಲವನ್ನೂ ತಿನ್ನುವವರೇ. ಬಾಯಿ ತೆರೆದೆ.

"ಗೋಳಿಬಜೆ," ಎಂದೆ.

ಅದಕ್ಕೇ ಇವತ್ತು ಮೀನು ತಂದದ್ದು. ಹಿಟ್ಟನ್ನು ಪಾತ್ರೆಯ ಗೋಡೆಗೆ ಬಡಿದೆ, ನೆನೆಸಿಕೊಳ್ಳಲು ನನ್ನದೇ ಮುಖವಿತ್ತು. ಎಣ್ಣೆಯಿಂದ ತೆಗೆದ ಮೊದಲನೆಯದನ್ನು ಕಡ್ಡಿಗೆ ಚುಚ್ಚಿ, ವಿನೆಗರಿಗೆ ಅದ್ದಿ, ಆರುವ ಮೊದಲೇ ಬಾಯಿಗಿಟ್ಟುಕೊಂಡೆ. ನಾಲಿಗೆ ಸುಟ್ಟಿತು. ಚೆನ್ನಾಗಿತ್ತು. ಹೋಗಿ ಮುಂಬಾಗಿಲಿನ ಚಿಲಕ ತೆಗೆದು ಬಂದೆ. ವಾಸನೆ ಜಾಲರಿಗಳಿಂದ ಹೊರಟು ಮಹಡಿಯ ಎಲ್ಲ ಕೋಣೆಗಳನ್ನೂ ತುಂಬಿದೆ. ಮೇಲೆ ಸಾಂಬ್ರಾಣಿ ಹಾಕುವವರು ಮಾತ್ರ ಇಲ್ಲ.